ಕರೆಂಟಿನ ಜಮಾಖರ್ಚು

ಮುಂಗಾರು ಮಳೆಯು ಮೈಸೂರಿನಲ್ಲಿ ಜಿಟಿಜಿಟಿ ಹಿಡಿದ ದಿನದಿಂದ ನಮ್ಮ ಮನೆಯ ಟ್ರಿಪ್ಪರು ಪ್ರಾತಃಕಾಲದ ಸ್ನಾನದ ವೇಳೆಗೆ ಸರಿಯಾಗಿ ‘ಟಪ್’ ಎಂದು ಕೆಳಗೆ ಬೀಳುವ ವ್ರತವೊಂದನ್ನು ಕೈಗೊಂಡಿತು. ಮೈಗೆ ಸೋಪು ಹಚ್ಚಿಕೊಂಡವರು ಬಚ್ಚಲಿನೊಳಗಿನಿಂದ ಕೂಗುವುದೂ, ಅಡುಗೆಮನೆಯಲ್ಲಿ ಮಿಕ್ಸಿಯು ಚಟ್ನಿಯನ್ನು ಅರೆಬರೆಯಾಗಿಯೇ ಬಿಟ್ಟು ಮೌನವಹಿಸುವುದೂ, ನಾನು ಟಾರ್ಚು ಹಿಡಿದು ಮೀಟರ್ ಬೋರ್ಡಿನ ಮುಂದೆ ಪ್ರತ್ಯಕ್ಷನಾಗುವುದೂ ನಿತ್ಯವಿಧಿಗಳಾದವು. ಮನೆಯವರ ಪಾಲಿಗೆ ಇದು ಕೇವಲ ಉಪದ್ರವ. ನನಗಾದರೋ, ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಕಾಫಿ ಸಿಕ್ಕುವುದು ದುಸ್ತರವಾದೀತೆಂಬ ಭಯದಿಂದ ಗುಪ್ತವಾಗಿಟ್ಟುಕೊಂಡಿರುವ ಆನಂದ. ಪದಬಂಧ ಬಿಡಿಸುವವರುಂಟು, ಇಸ್ಪೀಟಿನಲ್ಲಿ ಇರುಳು ಕಳೆಯುವವರುಂಟು. ನನಗೆ ಪದೇ ಪದೇ ಬೀಳುವ ಟ್ರಿಪ್ಪರೊಂದು ದೊರೆತರೆ ಆ ಭಾನುವಾರ ಸಾರ್ಥಕ. ನಮ್ಮ ಬೀದಿಯವರು ಇದನ್ನು ಬಲ್ಲರಾದುದರಿಂದ ತಮ್ಮ ಮನೆಯ ಬೋರ್ಡುಗಳನ್ನೂ ನನ್ನ ವಿನೋದಕ್ಕೆ ಆಗಾಗ ಧಾರೆಯೆರೆಯುತ್ತಾರೆ.

ಈ ಬಾರಿಯ ಸಮಸ್ಯೆ ಉತ್ತಮ ಜಾತಿಯದು. ಗೀಸರ್ ಹಾಕಿದೊಡನೆ ಟ್ರಿಪ್ಪರ್ ಬೀಳುತ್ತಿತ್ತು. ಗೀಸರ್ ಇಲ್ಲದಿದ್ದರೆ ಇಡೀ ದಿನ ನಿಲ್ಲುತ್ತಿತ್ತು. ಇಷ್ಟು ಸಾಕ್ಷ್ಯ ಸಿಕ್ಕಿದ ಮೇಲೆ ತೀರ್ಪಿಗೆ ತಡವೇಕೆ? ನಾನು ಊರಿನಲ್ಲಿಲ್ಲದ ದಿನ ಬಂದ ಎಲೆಕ್ಟ್ರಿಷಿಯನ್ ಬೋರ್ಡಿನ ಸಣ್ಣ ಎಂಸಿಬಿಗಳನ್ನೆಲ್ಲ ಕೆಳಗಿಳಿಸಿ, ಟ್ರಿಪ್ಪರನ್ನು, ಎಂದರೆ ಆರ್‌ಸಿಸಿಬಿಯನ್ನು, ಮೇಲೆತ್ತಿ, ಅದು ನಿಂತುದನ್ನು ಕಂಡು, ಬಳಿಕ ಒಂದೊಂದಾಗಿ ಎಂಸಿಬಿಗಳನ್ನು ಏರಿಸುತ್ತ ಗೀಸರಿನದಕ್ಕೆ ಬರುವ ಹೊತ್ತಿಗೆ ಎಲ್ಲವೂ ಬಿದ್ದುದರಿಂದ, “ಕಾಯಿಲ್ ಹೋಗಿದೆ ಅಮ್ಮಾ, ಬದಲಾಯಿಸಬೇಕು” ಎಂದು ಘೋಷಿಸಿ ಹೋಗಿದ್ದನು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, “ನಾನು ಆಗಲೇ ಹೇಳಲಿಲ್ಲವೇ, ಗೀಸರೇ!” ಎಂದು ಅನುಮೋದಿಸಿದರು. ಗೀಸರಿನ ಮೇಲೆ ಈ ಸಂಶಯ ನಿರಾಧಾರವೇನೂ ಅಲ್ಲ. ಗಡಸು ನೀರಿನ ಸುಣ್ಣವು ಕಾಯಿಲಿನ ಮೇಲೆ ಕಟ್ಟಿಕೊಂಡು, ತಾಮ್ರದ ಕವಚ ಬಿರಿದು, ಒಳಗಿನ ಮೆಗ್ನೀಷಿಯಂ ಆಕ್ಸೈಡಿನ ಪುಡಿಗೆ ನೀರಿನ ಪಸೆ ತಗುಲಿತೆಂದರೆ ಕರೆಂಟು ಸೋರಲೇಬೇಕು. ಆದರೆ ಮರುದಿನ ಗೀಸರನ್ನು ಮುಟ್ಟದೆ ಇಸ್ತ್ರಿಪೆಟ್ಟಿಗೆಯನ್ನು ಹಾಕಿದಾಗಲೂ ಟ್ರಿಪ್ಪರ್ ಬಿದ್ದಿತು. ಇಲ್ಲಿಗೆ ನನ್ನ ಆನಂದ ಇಮ್ಮಡಿಯಾಯಿತು.

ಓದುಗರಲ್ಲಿ ಬಹುಮಂದಿ ಬಲ್ಲ ವಿಷಯವನ್ನೇ ಒಂದು ಮಾತಿನಲ್ಲಿ ನೆನಪಿಸಿ ಮುಂದುವರಿಯುತ್ತೇನೆ. ಆರ್‌ಸಿಸಿಬಿಯು ಜಿಪುಣ ಶೆಟ್ಟರ ಅಂಗಡಿಯ ಗುಮಾಸ್ತನಿದ್ದಂತೆ: ಫೇಸಿನಲ್ಲಿ ಹೊರಟುದೆಷ್ಟು, ನ್ಯೂಟ್ರಲ್‌ನಲ್ಲಿ ಹಿಂದಿರುಗಿದುದೆಷ್ಟು ಎಂಬ ಎರಡನ್ನೇ ಅದು ಕ್ಷಣಕ್ಷಣವೂ ತಾಳೆ ನೋಡುತ್ತದೆ, 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಕಂಡಿತೋ, ಯಾರನ್ನೂ ಕೇಳದೆ ಅಂಗಡಿಯ ಬಾಗಿಲು ಮುಚ್ಚುತ್ತದೆ. ಸೋರಿದುದು ಯಾವ ಉಪಕರಣದ ಮೂಲಕ ಎಂಬುದು ಅದರ ಲೆಕ್ಕದ ಪುಸ್ತಕದಲ್ಲಿಲ್ಲ. ಅದನ್ನು ಕಂಡುಹಿಡಿಯುವುದೇ ನಮ್ಮ ವಿದ್ಯೆ.

ಈ ವಿದ್ಯೆಯಲ್ಲಿ ನನ್ನ ಮತ್ತು ನಮ್ಮೂರಿನ ಎಲೆಕ್ಟ್ರಿಷಿಯನ್ನರ ನಡುವಣ ಬಹುಕಾಲದ ವ್ಯಾಜ್ಯವು ನ್ಯೂಟ್ರಲ್ ಎಂಬ ಕಪ್ಪುತಂತಿಯ ವಿಷಯದಲ್ಲಿರುವುದು. ಅವರೆಲ್ಲರ ಭಕ್ತಿಯೂ ಫೇಸಿಗೆ ಮೀಸಲು. ಟೆಸ್ಟರ್ ಇಟ್ಟರೆ ದೀಪ ಹೊತ್ತುವುದು ಅದರಲ್ಲಿಯೇ ತಾನೆ! ದೀಪ ಹೊತ್ತದ ನ್ಯೂಟ್ರಲನ್ನು ಅವರು ನಿರಪಾಯವೆಂದೂ, ಆದುದರಿಂದ ನಿರ್ದೋಷಿಯೆಂದೂ ತಿಳಿದಿದ್ದಾರೆ. ಆದರೆ ಮನೆಯ ಸಾಮಾನ್ಯ ಎಂಸಿಬಿಯಾಗಲಿ ಗೋಡೆಯ ಸ್ವಿಚ್ಚಾಗಲಿ ಕಡಿಯುವುದು ಫೇಸನ್ನು ಮಾತ್ರ. ಅದರ ಜೋಡಿಯಾದ ನ್ಯೂಟ್ರಲ್, ಸ್ವಿಚ್ ಆರಿಸಿದ ಮೇಲೆಯೂ, ಬೋರ್ಡಿನ ಹಿತ್ತಾಳೆಯ ಪಟ್ಟಿಗೆ ಕಚ್ಚಿಕೊಂಡೇ ಇರುತ್ತದೆ. ಆ ನ್ಯೂಟ್ರಲ್ ಎಲ್ಲಿಯೋ ಒಂದು ಕಡೆ ನೆಲವನ್ನು ಮುಟ್ಟಿತೆನ್ನಿ. ಮನೆಯಲ್ಲಿ ಭಾರವಿಲ್ಲದ ಹೊತ್ತು ಅದರಿಂದ ಏನೂ ಆಗದು. 2,000 ವ್ಯಾಟಿನ ಗೀಸರ್ ಹಾಕಿ 8 ಚಿಲ್ಲರೆ ಆಂಪಿಯರು ಹಿಂದಿರುಗಲು ತೊಡಗಿತೆಂದರೆ ನ್ಯೂಟ್ರಲಿನ ಮೇಲೆ ಒಂದೆರಡು ವೋಲ್ಟ್ ಏರುತ್ತದೆ, ಆ ಹಿಂದಿರುಗುವ ಪ್ರವಾಹದ ಕಿಂಚಿದಂಶವು ರಾಜಮಾರ್ಗವನ್ನು ಬಿಟ್ಟು ನೆಲದ ಕಳ್ಳದಾರಿ ಹಿಡಿಯುತ್ತದೆ, ಲೆಕ್ಕ ತಪ್ಪುತ್ತದೆ, ಟ್ರಿಪ್ಪರ್ ಬೀಳುತ್ತದೆ. ಅಂದರೆ ದೋಷವಿರುವುದು ಒಂದೆಡೆ, ಅಪವಾದ ಹೊರುವುದು ಆ ಹೊತ್ತಿನಲ್ಲಿ ಹೆಚ್ಚು ದುಡಿಯುತ್ತಿರುವ ಇನ್ನೊಂದು. ಹೀಗೆ ನಿಷ್ಕಾರಣವಾಗಿ ಕಾಯಿಲ್ ಬದಲಾಯಿಸಿಕೊಂಡ ಗೀಸರುಗಳು ನಮ್ಮ ಬಡಾವಣೆಯೊಂದರಲ್ಲಿಯೇ ಎಷ್ಟಿವೆಯೋ!

ಆದುದರಿಂದ ನನ್ನ ಮೆಚ್ಚಿನ ಕ್ರಮ ಬೇರೆ. ಮೈನನ್ನು ಇಳಿಸಿ, ಕರೆಂಟಿಲ್ಲವೆಂಬುದನ್ನು ನೋಡಿ ದೃಢಪಡಿಸಿಕೊಂಡು, ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಹಿತ್ತಾಳೆಯ ಪಟ್ಟಿಯಿಂದ ನ್ಯೂಟ್ರಲ್ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿಯೊಂದನ್ನೂ ಅರ್ಥಿಂಗಿನೆದುರು, ತಂತಿಯ ನಿರೋಧವನ್ನಳೆಯುವ ಮೆಗ್ಗರಿನಿಂದ, ಪರೀಕ್ಷಿಸುವುದು. ನನ್ನ ಮೆಗ್ಗರು ಬೆಂಗಳೂರಿನ ಎಸ್.ಪಿ. ರಸ್ತೆಯ ಗುಜರಿ ಅಂಗಡಿಯೊಂದರಿಂದ ತಂದ, ಕೈಯಿಂದ ತಿರುಗಿಸುವ, 500 ವೋಲ್ಟಿನ ಹಳೆಯ ಯಂತ್ರ. ಈಗ ಅಂಗೈಯಗಲದ, ಗುಂಡಿಯೊತ್ತಿದರೆ ಅಂಕೆ ತೋರಿಸುವ ಮೆಗ್ಗರುಗಳು ಬಂದಿವೆ, ಬರಲಿ. ಹಿಡಿಯನ್ನು ತಿರುಗಿಸುತ್ತಿರುವಾಗ ಒಳಗಿನ ಹಲ್ಲುಗಾಲಿಗಳು ಗುರುಗುಟ್ಟುತ್ತ, ಒಂದು ವೇಗ ಮುಟ್ಟಿದೊಡನೆ ಕೈಗೆ ಜಾರುವ ಅನುಭವವಾಗಿ, ಗಾಜಿನ ಹಿಂದಿನ ಮುಳ್ಳು ಅನಂತದ ಚಿಹ್ನೆಯ ಕಡೆಗೆ ನಿಧಾನವಾಗಿ ವಾಲಿ ಅಲ್ಲಿಯೇ ಸ್ಥಿರಗೊಳ್ಳುವುದನ್ನು ನೋಡುವ ಸುಖವನ್ನು ಆ ಅಂಕೆಗಳು ಕೊಡಲಾರವು. ತಂತಿಗೂ ನೆಲಕ್ಕೂ ನಡುವೆ 10 ಲಕ್ಷ ಓಮ್, ಎಂದರೆ ಒಂದು ಮೆಗಓಮಾದರೂ ಇರಬೇಕೆಂಬುದು ಶಾಸ್ತ್ರ. ಗೀಸರ್ ಅನಂತವನ್ನು ತೋರಿಸಿತು. ಅಡುಗೆಮನೆ, ಹಜಾರ, ಮಹಡಿಯ ಕೋಣೆ, ಎಲ್ಲವೂ ಅನಂತ. ಕೊನೆಗೆ ಯಾರೂ ಲಕ್ಷಿಸದ ಒಂದು ಸಣ್ಣ ತಂತಿಯನ್ನು ಹಿಡಿದು ತಿರುಗಿಸಿದಾಗ ಮುಳ್ಳು ಕದಲದೆ ಸೊನ್ನೆಗೇ ಅಂಟಿಕೊಂಡಿತು. ಅದು ಗೇಟಿನ ಕಂಬದ ದೀಪಕ್ಕೆ ಹೋಗುವ ತಂತಿ. ಕಂಬದೊಳಗಿನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮಳೆನೀರು ನಿಂತಿತ್ತು. ಟೇಪು ಸುತ್ತಿದ ಜಾಯಿಂಟು ಅದರಲ್ಲಿ ಮುಳುಗಿ ಹಸುರು ಕಿಲುಬು ಹಿಡಿದಿತ್ತು. ದೀಪವನ್ನು ಹಾಕಿದವರೇ ಇಲ್ಲ. ಬಲ್ಬು ಎಂದೋ ಕೆಟ್ಟಿತ್ತು!

ಗೀಸರಿಗೆ ನ್ಯಾಯ ದೊರಕಿಸಿದ ಉತ್ಸಾಹದಲ್ಲಿ ಮೇಷ್ಟ್ರ ಮನೆಗೆ ಹೋದೆನು. ಅಲ್ಲಿ ಕಂಡ ದೃಶ್ಯವು ನನ್ನ ಉತ್ಸಾಹವನ್ನು ಇಳಿಸಿತು. ಅವರ ಅಡುಗೆಮನೆಯ 16 ಆಂಪಿಯರಿನ ಎಂಸಿಬಿ ಆಗಾಗ ಬೀಳುತ್ತಿತ್ತೆಂದು ಅವರ ಎಲೆಕ್ಟ್ರಿಷಿಯನ್ ಅದನ್ನು ಕಿತ್ತು 32ರದನ್ನು ಕೂರಿಸಿದ್ದನು. “ಈಗ ಒಂದು ಸಲವೂ ಬಿದ್ದಿಲ್ಲ ನೋಡಿ” ಎಂದು ಮೇಷ್ಟ್ರು ಹೆಮ್ಮೆಪಟ್ಟರು. ಬೀಳುವುದು ಹೇಗೆ? ಎಂಸಿಬಿ ಇರುವುದು ಗೋಡೆಯೊಳಗಿನ ತಂತಿಯ ರಕ್ಷಣೆಗೆ. ತಂತಿಯೇನು 16ರಿಂದ 32ಕ್ಕೆ ದಪ್ಪವಾಯಿತೇ? ಈ ಯಂತ್ರದ ತಾಳ್ಮೆಯನ್ನು ಜನ ಅರಿಯರು. 16ರ ಎಂಸಿಬಿಯು 18 ಆಂಪಿಯರನ್ನು ಒಂದು ಗಂಟೆ ಸಹಿಸಿಕೊಳ್ಳಬೇಕು. 23ನ್ನು ಮೀರಿದರೆ ಒಂದು ಗಂಟೆಯೊಳಗೆ ಬೀಳಬೇಕು. ಇಂಡಕ್ಷನ್ ಒಲೆಯೂ ನೀರು ಕಾಯಿಸುವ ಕೆಟಲೂ ಜೊತೆಗೆ ಓವನ್ನೂ ಸೇರಿ 22 ಆಂಪಿಯರನ್ನು ಎಳೆಯುವಾಗ ಅದರೊಳಗಿನ ಎರಡು ಲೋಹದ ಪಟ್ಟಿ ಮೆಲ್ಲಗೆ ಕಾದು ಬಾಗುತ್ತದೆ. ನಿನ್ನೆ ಬಾಗದುದು ಇಂದು, ಬೋರ್ಡು ಬಿಸಿಯಾಗಿರುವ ಏಪ್ರಿಲಿನ ಮಧ್ಯಾಹ್ನ, ಬಾಗೀತು. “ನಿನ್ನೆ ಇದೇ ಮೂರೂ ನಡೆದವಲ್ಲ” ಎಂಬ ವಾದಕ್ಕೆ ಇದೇ ಉತ್ತರ. ಆದರೆ 32ರದಕ್ಕೆ ಈ ಲೆಕ್ಕ 46 ಆಂಪಿಯರಿಗೆ ಹೋಗುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಂತಿಯೊಂದು ಗಾರೆಯೊಳಗೆ 46 ಆಂಪಿಯರನ್ನು ಹೊತ್ತು ಗಂಟೆಗಟ್ಟಲೆ ಬೇಯುತ್ತಿದ್ದರೂ ಬೋರ್ಡು ನಿಶ್ಚಿಂತವಾಗಿರುವುದು. ಇದಕ್ಕೆ ರಿಪೇರಿಯೆಂದು ಹೆಸರು, ಅದಕ್ಕೆ ಕೂಲಿ! ನನಗೆ ಇಲ್ಲಿ ಹಾಸ್ಯ ತೋರುವುದಿಲ್ಲ. ಗೋಡೆಗೆ ಕಿವಿಯಿಟ್ಟರೆ ಕೇಳಿಸದ, ಮೂಗಿಗೆ ವಾಸನೆ ಬರುವ ಹೊತ್ತಿಗೆ ಕಾಲ ಮಿಂಚಿರುವ ಕೆಲಸವನ್ನು ಕೈಚಳಕವೆಂದು ಮೆರೆಸುವವರನ್ನು ಕಂಡರೆ ಮೈ ಉರಿಯುತ್ತದೆ. ಮೇಷ್ಟ್ರೊಡನೆ ನಾನು ಸ್ವಲ್ಪ ಗಡುಸಾಗಿಯೇ ಮಾತನಾಡಿದೆನೆಂದು ಕಾಣುತ್ತದೆ. ಎರಡು ದಿನ ಅವರು ದಿನಪತ್ರಿಕೆ ಕೇಳಲು ಬರಲಿಲ್ಲ.

ಈ ಪಾಪ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿದ ಮೇಲೆ, ಮನೆಗಳಿಗೆ ಬಂದ ಪಿಂಗಾಣಿ ಫ್ಯೂಸಿನ ಕಾಲದಲ್ಲಿಯೂ ಯಜಮಾನರು ಕೂದಲೆಳೆಯ ಫ್ಯೂಸ್ ತಂತಿ ಕರಗಿದೊಡನೆ ಅಲ್ಲಿಗೆ ತಾಮ್ರದ ದಪ್ಪ ಎಳೆ ಸುತ್ತಿ “ಇನ್ನು ಹೋಗುವುದಿಲ್ಲ” ಎಂದು ಕೈಕೊಡವುತ್ತಿದ್ದರು. 1924ರಲ್ಲಿ ಜರ್ಮನಿಯ ಮನ್‌ಹೈಮಿನ ಹ್ಯೂಗೊ ಸ್ಟಾಟ್ಸ್ ಎಂಬಾತನ ಸಂಸ್ಥೆ, ನಿಧಾನದ ಬಿಸಿಗೆ ಬಾಗುವ ಪಟ್ಟಿಯನ್ನೂ ಶಾರ್ಟಿಗೆ ತತ್‌ಕ್ಷಣ ಎಳೆಯುವ ಅಯಸ್ಕಾಂತವನ್ನೂ ಒಂದೇ ಸಣ್ಣ ಕವಚದಲ್ಲಿ ಕೂಡಿಸಿ ಪೇಟೆಂಟ್ ಪಡೆಯಿತು. ಮಾನವಸ್ವಭಾವವನ್ನು ಬಲ್ಲವರು ಮುಂದೆ ಅದರ ಹಿಡಿಯನ್ನು ಎಷ್ಟು ಬಲವಾಗಿ ಮೇಲಕ್ಕೆ ಒತ್ತಿ ಹಿಡಿದರೂ ಒಳಗೆ ಸಂಪರ್ಕ ಕಡಿಯುವಂತೆ ರಚಿಸಿದರು. ಆದುದರಿಂದ ಟ್ರಿಪ್ಪರಿನ ಹಿಡಿಗೆ ಟೇಪು ಸುತ್ತುವವರೂ, ಬೆಂಕಿಕಡ್ಡಿ ಸಿಕ್ಕಿಸುವವರೂ ಕೇವಲ ತಮ್ಮ ಟೇಪನ್ನು ವ್ಯಯಿಸುತ್ತಿದ್ದಾರೆ.

ಈ ಬುದ್ಧಿವಂತಿಕೆಗೂ ನಿಲುಕದ ಒಂದು ಉಪಾಯವನ್ನು ನಮ್ಮವರು ಕಂಡುಕೊಂಡಿದ್ದಾರೆ: ಆರ್‌ಸಿಸಿಬಿಯ ಮೇಲಿನ ತಂತಿಯನ್ನೂ ಕೆಳಗಿನ ತಂತಿಯನ್ನೂ ನೇರವಾಗಿ ಜೋಡಿಸಿಬಿಡುವುದು. ಮುಚ್ಚಳ ಹಾಕಿದರೆ ಹೊರಗಿನಿಂದ ಎಲ್ಲವೂ ಇದ್ದಂತೆಯೇ ಕಾಣುತ್ತದೆ. ಈ ಕೆಲಸ ಮಾಡುವವರಿಗೆ ನಾನು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಝಿಯಲ್‌ರ ಕಥೆ ಹೇಳಬಯಸುತ್ತೇನೆ. ಸ್ವಯಂಸೇವಕರ ಒದ್ದೆಗೈಯಲ್ಲಿ ತಾಮ್ರದ ತಂತಿಯನ್ನು ಹಿಡಿಸಿ, ಪ್ರವಾಹವನ್ನು ಮೆಲ್ಲಮೆಲ್ಲನೆ ಏರಿಸುತ್ತ, ಯಾವ ಮಿತಿಯವರೆಗೆ ಮನುಷ್ಯನು ತನ್ನ ಇಚ್ಛೆಯಿಂದ ತಂತಿಯನ್ನು ಬಿಡಬಲ್ಲನೆಂಬುದನ್ನು ಆತ ಅಳೆದನು. ಗಂಡಸರಿಗೆ ಸರಾಸರಿ ಸುಮಾರು 16 ಮಿಲಿ ಆಂಪಿಯರು. ಹೆಂಗಸರಿಗೆ 10ರ ಸುಮಾರು. ಅದಕ್ಕೆ ಮೇಲೆ ಸ್ನಾಯುಗಳು ಬಿಗಿದು, ಬಿಡಬೇಕೆಂಬ ಮನಸ್ಸಿದ್ದರೂ ಬೆರಳುಗಳು ಬಿಡವು. 1961ರಲ್ಲಿ ಆತನೇ ನಿರ್ಮಿಸಿದ ರಕ್ಷಣಾಯಂತ್ರದ ಸಂತತಿ ಅಮೆರಿಕದ ಬಚ್ಚಲುಗಳಲ್ಲಿ 5 ಮಿಲಿ ಆಂಪಿಯರಿಗೇ ಕಡಿಯುತ್ತದೆ. ನಮ್ಮ 30 ಅಷ್ಟು ಉದಾರವಲ್ಲ: ಕೈ ಬಿಡದಿರಬಹುದೆಂಬುದನ್ನು ಒಪ್ಪಿಕೊಂಡೇ, ಹೃದಯದ ಬಡಿತ ತಾಳ ತಪ್ಪುವ ಮೊದಲು, ಹೆಚ್ಚೆಂದರೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲಿನೊಳಗೆ ಕಡಿಯುವ ಏರ್ಪಾಡದು. ಬಚ್ಚಲಿನ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತ ಮಗುವಿಗೂ ಸಾವಿಗೂ ನಡುವೆ ಇರುವುದು ಇದೊಂದೇ. “ಕಿರಿಕಿರಿ ಸಾರ್, ಬೈಪಾಸ್ ಮಾಡಿಬಿಡೋಣ” ಎನ್ನುವವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟವರು ಅದನ್ನು ಕೂಡಲೇ ಹಿಂದಕ್ಕೆ ಇಸಿದುಕೊಳ್ಳಬೇಕು.

ಪದೇ ಪದೇ ಬೀಳುವ ಟ್ರಿಪ್ಪರಿನ ಬಗೆಗೆ ನನಗೆ ಹೆಚ್ಚಿನ ಚಿಂತೆಯಿಲ್ಲ. ಅದರ ಕಾರಣ ಎಂದಾದರೂ ಸಿಕ್ಕೇ ಸಿಕ್ಕುತ್ತದೆ. ಚಿಂತೆಯಿರುವುದು ವರ್ಷಗಟ್ಟಲೆ ಒಮ್ಮೆಯೂ ಬೀಳದೆ, ಒಳಗೆ ಜಿಡ್ಡು ಧೂಳು ಹಿಡಿದು ಬೀಳುವುದನ್ನೇ ಮರೆತಿರಬಹುದಾದ ಆರ್‌ಸಿಸಿಬಿಗಳ ಬಗೆಗೆ. ಅದರ ಮುಖದ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿಯೊಂದಿದೆ. ಇಂದು ಸಂಜೆ, ಕಂಪ್ಯೂಟರಿನ ಮುಂದೆ ಕುಳಿತವರಿಗೆ ಮುಂಚಿತವಾಗಿ ಹೇಳಿ, ಅದನ್ನೊಮ್ಮೆ ಒತ್ತಿ ನೋಡಿ. ಬಿದ್ದರೆ ಮತ್ತೆ ಮೇಲೆತ್ತಿ ನಿಮ್ಮ ಕೆಲಸ ನೋಡಿಕೊಳ್ಳಿ. ಬೀಳದಿದ್ದರೆ ನಾಳೆ ಬೆಳಗ್ಗೆ ಸ್ನಾನಕ್ಕೆ ಮೊದಲು ಹೊಸದನ್ನು ಹಾಕಿಸಿ.