ಹತ್ತಿಕಟ್ಟಿಗೆಯ ಸುಗ್ಗಿ

ಬೈಲಹೊಂಗಲ ತಾಲೂಕಿನ ಸಂಪಗಾಂವದ ಎರೆಹೊಲಗಳಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಇನ್ನೊಂದು ಸುಗ್ಗಿ ಉಳಿದಿರುತ್ತದೆ, ಒಲೆಯ ಸುಗ್ಗಿ. ಮಲೆನಾಡಿನಂತೆ ಇಲ್ಲಿ ಮನೆಯ ಹಿಂದೆ ಕಾಡಿಲ್ಲ. ಬದುವಿನ ಜಾಲಿ, ಹಿತ್ತಿಲ ಕುಳ್ಳು, ಒಣಗಿ ನಿಂತ ಹತ್ತಿಯ ಗಿಡ, ಇವೇ ಒಕ್ಕಲಮನೆಯ ಉರುವಲು. ಬಿಸಿಲಿಗೆ ಬಿರಿದ ನೆಲದಿಂದ ಗಿಡ ಕೀಳುವುದು ಅಂಗೈ ಸುಲಿಯುವ ಕೆಲಸ. ಹೆಂಗಸರು ಅದನ್ನು ಹೊರೆಕಟ್ಟಿ ಮುಂಗಾರಿಗೆ ಮುನ್ನ ಹಿತ್ತಿಲಲ್ಲಿ ಒಟ್ಟುತ್ತಾರೆ. ಒಂದು ಮಳೆಗೆ ನೆನೆದರೂ ಅಡುಗೆಮನೆಯ ತುಂಬ ಹೊಗೆ, ಕಣ್ಣ ತುಂಬ ನೀರು. ಹತ್ತಿಕಟ್ಟಿಗೆ ಭರ್ರನೆ ಉರಿದು ಆರುತ್ತದೆ. ರೊಟ್ಟಿ ಉಬ್ಬಲು ಅದೇ ಬೇಕು. ಬೇಳೆ ಬೇಯಲು ಜಾಲಿ, ಹಾಲು ಕಾಯಲು ಕುಳ್ಳು. 2016ರ ಉಜ್ವಲಾ ಯೋಜನೆಯ ಬಳಿಕ ಬಡವರ ಮನೆಗಳಿಗೂ ಅನಿಲದ ಸಿಲಿಂಡರು ಬಂದಿತು. ಆದರೂ ರೊಟ್ಟಿ ಬಡಿಯುವ ಹೊತ್ತಿಗೆ ಹಿರಿಯ ಹೆಂಗಸರು ಬಣವೆಯತ್ತ ನಡೆದು, ಚೇಳಿದ್ದೀತೆಂದು ಕಟ್ಟಿಗೆಯನ್ನು ಕೊಡವಿಕೊಂಡು ಒಲೆಗೆ ತರುವುದುಂಟು.