ನೀಲಿಯ ಲೇಪ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಾನಿರುವ ಮನೆಯ ಹಿತ್ತಲು ಉತ್ತರಕ್ಕೆ ಮುಖಮಾಡಿದೆ. ಮನೆಯ ನೆರಳೂ ಪಕ್ಕದ ಮರದ ನೆರಳೂ ಸೇರಿ ಅಲ್ಲಿ ಬಿಸಿಲು ಬೀಳುವುದು ಬೆಳಿಗ್ಗೆ ಒಂದೆರಡು ಗಳಿಗೆ ಮಾತ್ರ. ನೆಟ್ಟ ಗುಲಾಬಿ ಸೊರಗಿತು, ಬದುಕಿದ್ದು ಹೋಸ್ಟ. ಜಪಾನ್, ಕೊರಿಯ, ಚೀನಗಳ ಈ ಗಿಡಕ್ಕೆ ಆಸ್ಟ್ರಿಯದ ಸಸ್ಯವಿಜ್ಞಾನಿ ನಿಕೊಲಾಸ್ ಹೋಸ್ಟ್‌ನ ಹೆಸರನ್ನು 1812ರಲ್ಲಿ ಇಟ್ಟರು. ಇದರ ಕೆಲವು ಬಗೆಗಳು ಮೊಳಕಾಲೆತ್ತರ ಬೆಳೆಯುತ್ತವೆ. ನನ್ನದು ಗೇಣನ್ನು ಮೀರದ ತಳಿ. ಹೆಸರು ‘ಬ್ಲೂ ಮೌಸ್ ಇಯರ್ಸ್’, ಅಂದರೆ ನೀಲಿ ಇಲಿಕಿವಿ. ದುಂಡನೆಯ ದಪ್ಪ ಎಲೆ. ಬೂದಿ ಬೆರೆತಂಥ ನೀಲಿ.

ಒಂದು ವರ್ಷ ಜೂನ್ ತಿಂಗಳಲ್ಲಿ ಮೈಸೂರಿನಿಂದ ನನ್ನ ತಾಯಿಯವರು ಬಂದರು. ಸುಮ್ಮನೆ ಕುಳಿತಿರುವುದು ಅವರ ಸ್ವಭಾವಕ್ಕೆ ಒಗ್ಗದು. ಹಿತ್ತಲಿನ ಆರೈಕೆ ಅವರದಾಯಿತು. ಎಲೆ ತಿನ್ನಲು ಬರುವ ಚಿಪ್ಪಿಲ್ಲದ ಬಸವನಹುಳುಗಳನ್ನು ಕಡ್ಡಿಯಿಂದೆತ್ತಿ ದೂರ ಬಿಟ್ಟು ಬರುವರು. ಕೊಲ್ಲಲು ಮನಸ್ಸು ಬಾರದು. ಎರಡು ವಾರ ಕಳೆಯುವಷ್ಟರಲ್ಲಿ ನನ್ನ ಗಿಡ ಹಸಿರಾಗಿತ್ತು. ಗೊಬ್ಬರದ ದೋಷವೋ ನೀರಿನ ದೋಷವೋ ಎಂದು ಚಿಂತಿಸಿದೆ. ಒಂದು ಭಾನುವಾರ ನೋಡುತ್ತೇನೆ, ತಾಯಿಯವರು ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯನ್ನು, ವೀಳ್ಯದೆಲೆಯನ್ನು ಒರೆಸುವಂತೆ, ಒರೆಸುತ್ತಿದ್ದಾರೆ!

“ಎಷ್ಟು ಧೂಳು ಕೂತಿತ್ತು ಮಗು! ಈಗ ನೋಡು, ಹೇಗೆ ಹೊಳೆಯುತ್ತಿದೆ” ಎಂದರು.

ಅದು ಧೂಳಲ್ಲ. ಹೋಸ್ಟದ ಎಲೆಯಲ್ಲಿ ನೀಲಿ ಬಣ್ಣವೆಂಬುದೇ ಇಲ್ಲ. ಎಲೆ ಹಸಿರೇ, ಅದರ ಮೇಲಿರುವ ತೆಳುವಾದ ಮೇಣದ ಲೇಪವು ಬೆಳಕನ್ನು ಚದುರಿಸುವುದರಿಂದ ನಮ್ಮ ಕಣ್ಣಿಗೆ ನೀಲಿ ತೋರುತ್ತದೆ. ನಮ್ಮೂರಿನ ಎಕ್ಕದ ಎಲೆಯನ್ನು ಬೆರಳಿನಿಂದ ಉಜ್ಜಿದರೆ ಬಿಳಿಯ ಪುಡಿ ಅಳಿಸಿ ಹಸಿರು ಕಾಣುವುದಿಲ್ಲವೆ? ಹಾಗೆಯೇ. ಬಿಸಿಲೂ ಮಳೆಯೂ ಈ ಲೇಪವನ್ನು ಸವೆಸುತ್ತವೆ. ನೆರಳಿನಲ್ಲಿ ಅದು ಹೆಚ್ಚು ದಿನ ಉಳಿಯುತ್ತದೆ. ಬಲಿತ ಎಲೆಯಿಂದ ಅಳಿಸಿಹೋದ ನೀಲಿ ಆ ವರ್ಷ ಮರಳುವುದಿಲ್ಲ.

ಅಂದು ಸುಮ್ಮನಾದೆ. ಮರುದಿನ ಅವರು ಮತ್ತೆ ಬಟ್ಟೆ ಹಿಡಿದು ಹೊರಟಾಗ ಹೇಳಿಬಿಟ್ಟೆ. ಮೆಲ್ಲಗೆ ಹೇಳಬಹುದಿತ್ತು, ಹಾಗೆ ಹೇಳಲಿಲ್ಲ. ಅವರು ಮಾತಾಡದೆ ಬಟ್ಟೆಯನ್ನು ಹಿಂಡಿ ತಂತಿಯ ಮೇಲೆ ಹರವಿದರು. ಊರಿಗೆ ಹೊರಡುವವರೆಗೂ ಆ ಗಿಡದ ಬಳಿ ಸುಳಿಯಲಿಲ್ಲ. ಬಸವನಹುಳುಗಳೂ ನನ್ನ ಪಾಲಿಗೆ ಬಂದವು.

ಚಳಿಗಾಲದಲ್ಲಿ ಹೋಸ್ಟದ ಎಲೆಗಳೆಲ್ಲ ಕೊಳೆತು ಬರಿಯ ಮಣ್ಣು ಉಳಿಯುತ್ತದೆ. ಬೇರಿಗೆ ಆ ಚಳಿಯ ನಿದ್ರೆ ಬೇಕೇ ಬೇಕು. ಏಪ್ರಿಲ್ ತಿಂಗಳಲ್ಲಿ ಕರುವಿನ ಕೊಂಬಿನಂಥ ಮೊಳಕೆಗಳು ಮಣ್ಣನ್ನು ಸೀಳಿ ಮೇಲೆದ್ದವು. ಸುರುಳಿ ಬಿಚ್ಚಿದ ಎಲೆಗಳೆಲ್ಲ ನೀಲಿ. ಆ ದಿನವೇ ಮೈಸೂರಿಗೆ ದೂರವಾಣಿ ಮಾಡಿದೆ. ಕುಶಲಪ್ರಶ್ನೆ ಮುಗಿಯುವ ಮೊದಲೇ ತಾಯಿಯವರು ಕೇಳಿದರು: “ಆ ಗಿಡ ನೀಲಿಯಾಯಿತೆ?”

ಆಯಿತೆಂದೆ. ಎಷ್ಟು ಎಲೆ ಬಂದಿವೆಯೆಂದರು. ನಾನು ಎಣಿಸಿರಲಿಲ್ಲ. ದೂರವಾಣಿಯನ್ನು ಕಿವಿಗೆ ಹಿಡಿದೇ ಹಿತ್ತಲಿಗೆ ಹೋಗಿ, ಎಣಿಸಿ ಹೇಳಿದೆ.