ವೇಗವೂ ಮಿತವ್ಯಯವೂ

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ ಬೆಳೆದ ನಮಗೆ ಎಂಜಿನ್ನಿನ ಗೊಡವೆ ಏಕೆಂದು ಕೆಲವು ವಾಚಕರು ಕೇಳಬಹುದು. ಆದರೆ ಕಾರು ಇಂದು ಮನೆಯ ಖರ್ಚಿನ ಪಟ್ಟಿಯಲ್ಲಿ ಅಕ್ಕಿ ಬೇಳೆಗಳ ಮಗ್ಗುಲಲ್ಲಿಯೇ ಬಂದು ಕುಳಿತಿದೆ. ಅದರಿಂದ ಹುಟ್ಟುವ ಮನಸ್ತಾಪಗಳು ಹಿರಿಯರ ಮುಂದೆ ಬಂದೇ ಬರುತ್ತವೆ.

ನಮ್ಮ ತಂಗಿಯ ಮಗನು ಹುಬ್ಬಳ್ಳಿಯಲ್ಲಿದ್ದುಕೊಂಡು ಧಾರವಾಡದಲ್ಲಿ ಉದ್ಯೋಗ ಮಾಡುವವನು. ಹೋಗಿ ಬರುವುದು ಸೇರಿ ದಿನಕ್ಕೆ 40 ಕಿಲೋಮೀಟರು. ಅವನದು ಒಂದು ಲೀಟರಿನ ಚಿಕ್ಕ ಎಂಜಿನ್ನಿನ ಟರ್ಬೋ ಪೆಟ್ರೋಲ್ ಕಾರು. ಎಂಜಿನ್ನನ್ನು ಆಳುವ ಕಂಪ್ಯೂಟರಿನ ಲೆಕ್ಕಗಳನ್ನು ಒಂದು ಗ್ಯಾರೇಜಿನಲ್ಲಿ ಬದಲಾಯಿಸಿಕೊಂಡು ಬಂದಿದ್ದನು. ಇದಕ್ಕೆ ರೀಮ್ಯಾಪ್ ಎನ್ನುವರು. ಅಷ್ಟಕ್ಕೇ ತೃಪ್ತಿಯಾಗದೆ, ಮೂಲ ಟರ್ಬೋ ತೆಗೆಸಿ ದೊಡ್ಡದನ್ನು ಹಾಕಿಸಬೇಕೆಂದು ಹಟ ಹಿಡಿದನು. ಅವನ ಹೆಂಡತಿ ಆ ಹಣವನ್ನು ಮಕ್ಕಳ ಶಾಲೆಯ ಶುಲ್ಕಕ್ಕೆಂದು ಎತ್ತಿಟ್ಟಿದ್ದಳು. ಇಬ್ಬರೂ ಕೂಡಿಯೇ ನಮ್ಮಲ್ಲಿಗೆ ಬಂದರು.

"ಮಾಮಾರ, ಶಕ್ತಿನೂ ಸಿಗತದ, ಮೈಲೇಜೂ ಉಳೀತದ" ಎಂದನು ಅವನು. "ಮೊದಲ ಪಂಪಿನ ಚೀಟಿ ನೋಡ್ರಿ ಮಾಮಾರ" ಎಂದಳು ಅವಳು.

ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಇಂಧನದ ಶಕ್ತಿಯ ದೊಡ್ಡದೊಂದು ಪಾಲು ವ್ಯರ್ಥವಾಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್‌ಲ್ಯಾಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರನು 1905ರಲ್ಲಿ ಪೇಟೆಂಟ್ ಪಡೆದನು. ಈ ಚಕ್ರವು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ! ಸಾಮಾನ್ಯ ಓಟದಲ್ಲಿ ಚಿಕ್ಕ ಎಂಜಿನ್ನಿನ ಮಿತವ್ಯಯ, ಏರುದಾರಿಯಲ್ಲಿ ದೊಡ್ಡ ಎಂಜಿನ್ನಿನ ಬಲ, ಇವೆರಡನ್ನೂ ಒಂದೆಡೆ ಕೂಡಿಸಿದ ಜಾಣ್ಮೆಯಿದು. ರೀಮ್ಯಾಪ್ ಆದ ಬಳಿಕ ಕಡಿಮೆ ಸುತ್ತುಗಳಲ್ಲಿಯೇ ಎಳೆತ ಹೆಚ್ಚುವುದರಿಂದ ಮೇಲಿನ ಗೇರಿನಲ್ಲಿ ನಿಧಾನವಾಗಿ ಸಾಗಬಹುದು. ಅಳಿಯನ ಪಕ್ಷಕ್ಕೆ ಇದೇ ಆಧಾರ.

ಆದರೆ ಗಾಳಿ ಹೆಚ್ಚು ತುಂಬಿದರೆ ಇಂಧನವೂ ಹೆಚ್ಚು ಬೇಕಲ್ಲವೇ? ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಕ್ಸಲೇಟರನ್ನು ಪೂರ್ತಿ ಒತ್ತಿದಾಗ ಎಂಜಿನ್ನು ಅತಿಯಾಗಿ ಕಾಯದಿರಲೆಂದು ಅನೇಕ ಎಂಜಿನ್ನುಗಳಲ್ಲಿ ಕಂಪ್ಯೂಟರು ಸುಮಾರು 12 ಪಾಲು ಗಾಳಿಗೇ ಒಂದು ಪಾಲು ಪೆಟ್ರೋಲು ಸುರಿಯುತ್ತದೆ. ಹೆಚ್ಚಿನದು ಉರಿದು ಬಲ ಕೊಡುವುದಿಲ್ಲ, ತಂಪು ಮಾಡಿ ಹೊರಟುಹೋಗುತ್ತದೆ. ಒತ್ತಡ ಮಿತಿಮೀರಿದರೆ ಎಂಜಿನ್ನಿನೊಳಗೆ ಅಕಾಲ ಸ್ಫೋಟದ ಬಡಿತವೇಳುತ್ತದೆ. ಅದನ್ನು ತಡೆಯಲು ಕಂಪ್ಯೂಟರು ಕಿಡಿಯನ್ನು ತಡಮಾಡುತ್ತದೆ. ಆಗ ಬಲವೂ ಹೋಯಿತು, ಮೈಲೇಜೂ ಹೋಯಿತು. 95 ಆಕ್ಟೇನಿನ ಪೆಟ್ರೋಲಿಗೆಂದು ಬರೆಸಿಕೊಂಡ ಲೆಕ್ಕವಿರುವ ಕಾರಿಗೆ ಅದಕ್ಕಿಂತ ಕೆಳದರ್ಜೆಯದನ್ನು ಹಾಕಿದರೆ ಆಗುವುದೂ ಇದೇ.

ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷವೇ ಮೊದಲ ಪ್ರಮಾಣ. ಆದ್ದರಿಂದ ಒಂದು ಪರೀಕ್ಷೆಯನ್ನು ನಾವೇ ಸೂಚಿಸಿದೆವು. ಭಾನುವಾರ ಒಂದೇ ಪಂಪಿನಲ್ಲಿ ಟ್ಯಾಂಕು ತುಂಬಿಸಬೇಕು. ಒಂದು ವಾರ ಅವನ ಇಚ್ಛೆಯಂತೆ, ಮರುವಾರ ಸಂಯಮದಿಂದ ಓಡಿಸಬೇಕು. 240 ಕಿಲೋಮೀಟರಿಗೆ ಮೊದಲ ವಾರ 20 ಲೀಟರು, ಎರಡನೆಯ ವಾರ 16 ಲೀಟರು ಹಿಡಿಯಿತು. ಕಾರು ಅದೇ, ರೀಮ್ಯಾಪು ಅದೇ, ದಾರಿಯೂ ಅದೇ. ತಿಂಗಳಿಗೆ 1000 ಕಿಲೋಮೀಟರಾದರೆ ಸುಮಾರು 16 ಲೀಟರುಗಳ ಅಂತರ. ಲೀಟರಿಗೆ ನೂರೇ ರೂಪಾಯಿ ಎಂದು ಹಿಡಿದರೂ 1600 ರೂಪಾಯಿ. ರೀಮ್ಯಾಪೇ ಪೆಟ್ರೋಲು ಕುಡಿಯುತ್ತದೆಂಬ ಸೊಸೆಯ ದೂರು ಇದರಿಂದ ಪೂರ್ತಿ ನಿಲ್ಲಲಿಲ್ಲ. ಅದಕ್ಕಾಗಿ ಅವಳು ಸ್ವಲ್ಪ ಮುನಿದಳೆಂಬುದೂ ನಿಜ. ದೋಷವು ಬಹುಮಟ್ಟಿಗೆ ಕಾಲಿನದಾಗಿತ್ತು. ಬೈಪಾಸಿನಲ್ಲಿ 80ರ ವೇಗ ಬಿಟ್ಟು 100ಕ್ಕೆ ಏರಿದರೆ ಎದುರುಗಾಳಿಯ ತಡೆ ಒಂದೂವರೆ ಪಟ್ಟಿಗೂ ಮೀರುತ್ತದೆ. ಹಾಗೆ ಉಳಿಸಿದ ನಿಮಿಷಗಳನ್ನು ಅವನು ಊರೊಳಗಿನ ಸಿಗ್ನಲಿನಲ್ಲಿ ನಿಂತು ಕಳೆಯುತ್ತಿದ್ದನು. (ಮಿತವ್ಯಯವೊಂದೇ ಬೇಕಾದವರಿಗೆ ಅವಳಿನಗರದಲ್ಲಿ ಚಿಗರಿ ಬಸ್ಸಿದೆ, ಅಳಿಯನಿಗೆ ಇದನ್ನು ಹೇಳಿದರೆ ನಗುತ್ತಾನೆ.)

ದೊಡ್ಡ ಟರ್ಬೋದ ವಿಷಯದಲ್ಲಿ ಮಾತ್ರ ನಾವು ಸೊಸೆಯ ಪಕ್ಷ. ದೊಡ್ಡ ಚಕ್ರಕ್ಕೆ ವೇಗ ಹಿಡಿಯಲು ಹೆಚ್ಚು ಹೊಗೆ ಬೇಕು. ಸಿಗ್ನಲಿಂದ ಸಿಗ್ನಲಿಗೆ ಸಾಗುವ ದಾರಿಯಲ್ಲಿ ಅದು ಎಚ್ಚರಗೊಳ್ಳುವುದರೊಳಗೆ ಬ್ರೇಕು ಒತ್ತುವ ಹೊತ್ತಾಗಿರುತ್ತದೆ. ಹೆಚ್ಚಿದ ಎಳೆತವನ್ನು ಮೂಲ ಕ್ಲಚ್ಚು ತಾಳದೆ ಜಾರಬಹುದು. ಆಗ ಅದಕ್ಕೂ ಖರ್ಚು. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸಿದೆ. ಅಪಘಾತವಾದಾಗ ವಿಮೆಯವರು ಕೇಳುವ ಮೊದಲ ಪ್ರಶ್ನೆಗೆ ಉತ್ತರವಿಲ್ಲದಂತಾಗಬಾರದು. ಹಿಂದಿನ ಸೀಟಿನಲ್ಲಿ ಕೂಡುವವರು ಮಕ್ಕಳು.

ಈ ಕೊನೆಯ ಮಾತಿಗೆ ಅಳಿಯನು ಎದುರಾಡಲಿಲ್ಲ. ದೊಡ್ಡ ಟರ್ಬೋಗೆ ಕೊಟ್ಟಿದ್ದ ಮುಂಗಡವನ್ನು ಮರಳಿ ಪಡೆಯಲು ಎರಡು ಸಲ ತಿರುಗಿದನು, ಅರ್ಧ ಬಂದಿತು. ರೀಮ್ಯಾಪು ಹಾಗೆಯೇ ಇದೆ. ಶನಿವಾರ ಒಮ್ಮೊಮ್ಮೆ ಬೆಳಗಾವಿಯ ಹೆದ್ದಾರಿಯಲ್ಲಿ ಮನಸಾರೆ ಒತ್ತುತ್ತಾನೆಂದು ಕೇಳಿದ್ದೇವೆ. ಪೆಟ್ರೋಲಿನ ಲೆಕ್ಕವನ್ನು ಈಗ ಬರೆದಿಡುವವಳು ಸೊಸೆ.